ಮಿಲಾನ್‌ನಲ್ಲಿದ್ದುಕೊಂಡು ಒಪೆರಾ, ಬ್ಯಾಲೆ ನೋಡುವುದು: ಯಾವುದು ಮೊದಲು, ಎಲ್ಲಿ ಕೂರಬೇಕು?

ಪ್ರಶ್ನೆ: ಕೆಲಸದ ಮೇಲೆ ಮಿಲಾನ್‌ಗೆ ಬಂದು ವರ್ಷವಾಯಿತು. ನಾನೂ ನನ್ನ ಹೆಂಡತಿಯೂ ಇದುವರೆಗೆ ಒಪೆರಾ, ಬ್ಯಾಲೆ ಎರಡನ್ನೂ ನೋಡಿಲ್ಲ. ಇಟಾಲಿಯನ್ ಭಾಷೆ ಅಂಗಡಿ, ಬಸ್ಸಿನ ಮಟ್ಟಿಗೆ ಬರುತ್ತದೆ. ಇಲ್ಲಿನ ಹೆಸರಾಂತ ಒಪೆರಾ ಮಂದಿರ ಲಾ ಸ್ಕಾಲಾದ ಟಿಕೆಟ್ ದರ ನೋಡಿ ಹಿಂದೆ ಸರಿದಿದ್ದೇವೆ. ಯಾವುದರಿಂದ ಶುರು ಮಾಡುವುದು, ಎಲ್ಲಿ ಕೂರುವುದು, ಏನು ಹಾಕಿಕೊಂಡು ಹೋಗುವುದು? ಜೂನ್-ಜುಲೈನಲ್ಲಿ ಧಾರವಾಡದಿಂದ ಅಪ್ಪ, ಅಮ್ಮ ಬರುತ್ತಾರೆ. ಅಪ್ಪ ಹಿಂದುಸ್ತಾನಿ ಸಂಗೀತ ಕೇಳಿ ಬೆಳೆದವರು. ಅಮ್ಮನಿಗೆ ಮೊಣಕಾಲು ನೋವು. ಅವರನ್ನು ವೆರೋನಾದ ಬಯಲು ಒಪೆರಾಕ್ಕೆ ಕರೆದುಕೊಂಡು ಹೋಗಬಹುದೇ?

ಉತ್ತರ: ಮೊದಲು ಹಣದ ಮಾತು ಮುಗಿಸೋಣ. ಲಾ ಸ್ಕಾಲಾದಲ್ಲಿ ಒಪೆರಾ ದಿನ ಕೆಳಗಿನ ಹಾಲ್, ಅಂದರೆ ‘ಪ್ಲಾತೇಯಾ’ದ ಒಳ್ಳೆಯ ಕುರ್ಚಿ 250 ಯೂರೋ ದಾಟುವುದುಂಟು. ಪ್ರತಿವರ್ಷ ಡಿಸೆಂಬರ್ 7ರಂದು, ನಗರದ ರಕ್ಷಕ ಸಂತ ಅಂಬ್ರೋಜೋ ಹಬ್ಬದ ದಿನ, ಸೀಸನ್ ಶುರುವಾಗುವ ರಾತ್ರಿಗೆ ಅದೇ ಕುರ್ಚಿಯ ಬೆಲೆ 2000 ಯೂರೋ ಮೀರುತ್ತದೆ. ನಿಮ್ಮನ್ನು ಹೆದರಿಸಿರುವುದು ಈ ಅಂಕಿಗಳೇ. ಆದರೆ ಅದೇ ಕಟ್ಟಡದ ನೆತ್ತಿಯಲ್ಲಿರುವ ಎರಡು ಗ್ಯಾಲರಿಗಳಲ್ಲಿ ಅದೇ ಹಾಡುಗಾರರನ್ನು ಅದರ ಚಿಕ್ಕ ಪಾಲಿನಷ್ಟು ಹಣಕ್ಕೆ ಕೇಳಬಹುದು. ನಿಮ್ಮಲ್ಲಿ ಯಾರಿಗಾದರೂ 30 ತುಂಬಿರದಿದ್ದರೆ ಯುವಜನರ ರಿಯಾಯಿತಿ ಇದೆಯೇ ನೋಡಿ, ಇಟಲಿಯ ಹೆಚ್ಚಿನ ಒಪೆರಾ ಮಂದಿರಗಳಲ್ಲಿ ಇರುತ್ತದೆ. ಡಿಸೆಂಬರ್ 7ಕ್ಕೆ ಕೆಲವು ದಿನ ಮುಂಚೆ ಅದೇ ಒಪೆರಾದ ಒಂದು ಪ್ರದರ್ಶನವನ್ನು ಲಾ ಸ್ಕಾಲಾ 30ರೊಳಗಿನವರಿಗೇ ಮೀಸಲಿಡುತ್ತದೆ. ಡಿಸೆಂಬರ್ 7ರ ರಾತ್ರಿಯನ್ನು ನೇರಪ್ರಸಾರದಲ್ಲಿ ನೋಡುವುದಾದರೆ ಖರ್ಚೇ ಇಲ್ಲ: ರಾಯ್ 1 ವಾಹಿನಿ ತೋರಿಸುತ್ತದೆ, ಮಿಲಾನ್‌ನ ಹಲವು ಕಡೆ ದೊಡ್ಡ ಪರದೆ ಹಾಕಿರುತ್ತಾರೆ.

ಲಾ ಸ್ಕಾಲಾ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ಬೆರ್ಗಮೋ, ಬ್ರೆಷಾ, ಕೋಮೋ, ಕ್ರೆಮೋನಾ, ಪಾವಿಯಾ ಈ ಐದು ಊರುಗಳ ಹಳೆಯ ರಂಗಮಂದಿರಗಳು ‘ಓಪೆರಾ ಲೊಂಬಾರ್ದಿಯಾ’ ಹೆಸರಿನಲ್ಲಿ ಕೂಡಿ ಒಪೆರಾ ಕಟ್ಟುತ್ತವೆ. ಒಂದೇ ನಿರ್ಮಾಣ ಊರಿಂದ ಊರಿಗೆ ಸುತ್ತುತ್ತದೆ. ಹಾಡುವವರಲ್ಲಿ ಹೆಚ್ಚಿನವರು ಈಗಷ್ಟೇ ಮೇಲೆ ಬರುತ್ತಿರುವ ಎಳೆಯರು. ಮಂದಿರ ಚಿಕ್ಕದು, ದರ ಕಡಿಮೆ, ದನಿ ಹತ್ತಿರ. ಮಿಲಾನ್‌ನಿಂದ ಇವೆಲ್ಲ ಸುಮಾರು ಒಂದು, ಒಂದೂಕಾಲು ಗಂಟೆಯ ರೈಲುದಾರಿಯೊಳಗಿವೆ. ಬೆರ್ಗಮೋ ಸಂಗೀತಕಾರ ದೊನಿಝೆತ್ತಿಯ ಹುಟ್ಟೂರು, ನವೆಂಬರ್‌ನಲ್ಲಿ ಅವನ ಹೆಸರಿನ ಉತ್ಸವ ನಡೆಯುತ್ತದೆ. ತೊರೀನೋ (ಟ್ಯೂರಿನ್) ನಗರದ ಒಪೆರಾ ಮಂದಿರ ತೇಯಾತ್ರೋ ರೆಜೋವನ್ನೂ ಮರೆಯಬೇಡಿ. ಹಳೆಯ ಕಟ್ಟಡ 1936ರಲ್ಲಿ ಸುಟ್ಟುಹೋಗಿ, ಕಾರ್ಲೋ ಮೊಲ್ಲೀನೋ ವಿನ್ಯಾಸದ ಹೊಸ ಹಾಲ್ 1973ರಲ್ಲಿ ತೆರೆಯಿತು. ಅಲ್ಲಿ ಬಹುಪಾಲು ಕುರ್ಚಿಗಳು ವೇದಿಕೆಗೆ ನೇರ ಮುಖ ಮಾಡಿವೆ. ಹಾಗಾಗಿ ಸೀಟಿನ ಲೆಕ್ಕ ಗೊತ್ತಿಲ್ಲದ ಹೊಸಬರು ಮೋಸ ಹೋಗುವ ಸಂಭವ ಕಡಿಮೆ. ಇಂಥ ಊರುಗಳಿಗೆ ಭಾನುವಾರ ಮಧ್ಯಾಹ್ನದ ಆಟ ಆರಿಸಿ. ಮೂರು, ಮೂರೂವರೆಗೆ ಶುರುವಾಗುವುದರಿಂದ ವಾಪಸು ರೈಲಿನ ಚಿಂತೆ ಇರುವುದಿಲ್ಲ.

ಟಿಕೆಟ್ಟನ್ನು ಆಯಾ ಮಂದಿರದ ಸ್ವಂತ ಜಾಲತಾಣದಲ್ಲಿ ಅಥವಾ ಅಲ್ಲಿಂದ ತೋರಿಸುವ ಕೊಂಡಿಯಲ್ಲಿ ಮಾತ್ರ ಕೊಳ್ಳಿ. ಹುಡುಕಿದಾಗ ಮೊದಲು ಕಾಣುವುದು ಮರುಮಾರಾಟದವರ ಜಾಹೀರಾತೇ ಆಗಿರಬಹುದು. ಅಲ್ಲಿ ಅದೇ ಸೀಟಿಗೆ ದುಪ್ಪಟ್ಟು ಹಣ ಕೇಳುವುದುಂಟು, ಎಷ್ಟೋ ಸಲ ಸೀಟಿನ ಸಂಖ್ಯೆಯನ್ನೂ ಹೇಳುವುದಿಲ್ಲ. ವೆನಿಸ್, ರೋಮ್‌ಗಳಿಗೆ ಹೋದಾಗ ಬೀದಿಯಲ್ಲಿ ಹಳೇ ಕಾಲದ ವೇಷ ಹಾಕಿಕೊಂಡು ಚೀಟಿ ಹಂಚುವವರು ಸಿಗುತ್ತಾರೆ. ಅದು ಯಾವುದೋ ಚರ್ಚು ಅಥವಾ ಸಭಾಂಗಣದಲ್ಲಿ ಆಯ್ದ ಹಾಡುಗಳ ಕಛೇರಿ, ಪೂರ್ತಿ ಒಪೆರಾ ಅಲ್ಲ. ಮುಂದಿನ ಸೀಸನ್‌ನ ಪಟ್ಟಿ ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಹೊರಬರುತ್ತದೆ. ಮೊದಲು ಇಡೀ ವರ್ಷದ ಚಂದಾದಾರರಿಗೆ, ಆಮೇಲೆ ಬಿಡಿ ಟಿಕೆಟ್‌ಗಳು. ಬಿಡಿ ಮಾರಾಟ ಶುರುವಾಗುವ ದಿನ ಪ್ರತಿ ಪ್ರದರ್ಶನಕ್ಕೂ ಬೇರೆ ಇರುತ್ತದೆ. ಆ ದಿನವನ್ನು ಫೋನಿನಲ್ಲಿ ಗುರುತು ಹಾಕಿಕೊಂಡರೆ ಅಗ್ಗದ ಒಳ್ಳೆಯ ಸೀಟು ಸಿಗುತ್ತದೆ. ವಾರ ಕಳೆದ ಮೇಲೆ ನೋಡಿದರೆ ದುಬಾರಿಯದೂ ಕೆಟ್ಟದ್ದೂ ಮಾತ್ರ ಉಳಿದಿರುತ್ತದೆ. ಒಮ್ಮೆ ಕೊಂಡದ್ದಕ್ಕೆ ಹಣ ವಾಪಸು ಬರುವುದಿಲ್ಲ, ಮುಖ್ಯ ಗಾಯಕರು ಬದಲಾದರೂ ಅಷ್ಟೆ. ಪ್ರದರ್ಶನವೇ ರದ್ದಾದರೆ ವಾಪಸು ಕೊಡುತ್ತಾರೆ, ಆದರೆ ಹೇಳಿದ ಗಡುವಿನೊಳಗೆ ಕೇಳಬೇಕು. ‘ಶೋಪೆರೋ’, ಅಂದರೆ ಮುಷ್ಕರ, ಇಟಲಿಯಲ್ಲಿ ಅಪರೂಪವಲ್ಲ. ಹೊರಡುವ ದಿನ ಬೆಳಿಗ್ಗೆ ಮಂದಿರದ ಜಾಲತಾಣ, ಮೆಟ್ರೋದ ಸುದ್ದಿ ಎರಡನ್ನೂ ನೋಡಿ. ಮುಷ್ಕರದ ದಿನ ಮಿಲಾನ್ ಮೆಟ್ರೋ ಸಾಮಾನ್ಯವಾಗಿ ಸಂಜೆ ಆರರವರೆಗೆ ಮಾತ್ರ ಖಾತ್ರಿ, ರಾತ್ರಿ ವಾಪಸಾಗಲು ಬೇರೆ ದಾರಿ ಯೋಚಿಸಿಟ್ಟುಕೊಳ್ಳಬೇಕು.

ಇನ್ನು ಸೀಟು. ಹೊಸಬರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಇಟಾಲಿಯನ್ ಮಂದಿರ ಕುದುರೆ ಲಾಳದ ಆಕಾರದ್ದು. ನಡುವೆ ಪ್ಲಾತೇಯಾ, ಸುತ್ತ ಗೋಡೆಗೆ ಅಂಟಿಕೊಂಡಂತೆ ಅಂತಸ್ತಿನ ಮೇಲೆ ಅಂತಸ್ತಾಗಿ ‘ಪಾಲ್ಕೋ’ಗಳು, ಅಂದರೆ ಕೆಲವೇ ಜನ ಕೂರುವ ಚಿಕ್ಕ ಕೋಣೆಗಳು, ಅವುಗಳ ಮೇಲೆ ಗ್ಯಾಲರಿ. 1778ರಲ್ಲಿ ತೆರೆದ ಲಾ ಸ್ಕಾಲಾದಲ್ಲಿ ಪಾಲ್ಕೋಗಳದು ನಾಲ್ಕು ಅಂತಸ್ತು, ಮೇಲೆ ಎರಡು ಗ್ಯಾಲರಿ. ಪಾಲ್ಕೋ ಚಿತ್ರದಲ್ಲಿ ಬಲು ಚೆಂದ. ಆದರೆ ಒಂದೊಂದರಲ್ಲೂ ನಿಜವಾಗಿ ನೋಡಲು ಸಿಗುವುದು ಮುಂಗಟ್ಟೆಗೆ ಒರಗಿದ ಎರಡು ಕುರ್ಚಿಗಳಿಂದ. ಹಿಂದಿನವರು ಎದ್ದು ನಿಂತು ಕತ್ತು ಚಾಚಬೇಕು. ವೇದಿಕೆಗೆ ತೀರ ಹತ್ತಿರದ ಪಾಲ್ಕೋಗಳಿಂದ ವೇದಿಕೆಯ ಅರ್ಧಭಾಗ ಕಾಣುವುದೇ ಇಲ್ಲ, ಕಾರಣ ಲಾಳದ ಎರಡು ತುದಿಗಳು ಒಳಕ್ಕೆ ಬಾಗಿವೆ. ಟಿಕೆಟ್‌ನಲ್ಲಿ ‘ವಿಸಿಬಿಲಿತಾ ರಿದೊತ್ತಾ’ ಅಥವಾ ‘ಲಿಮಿತಾತಾ’ ಎಂದಿದ್ದರೆ ನೋಟಕ್ಕೆ ಅಡ್ಡಿಯಿದೆ ಎಂದು ಅರ್ಥ. ‘ಸೋಲೋ ಅಸ್ಕೋಲ್ತೋ’ ಎಂದಿದ್ದರೆ ಕೇಳುವುದು ಮಾತ್ರ, ನೋಡುವುದಿಲ್ಲ.

ನಾನು ಎಲ್ಲರಿಗೂ ಹೇಳುವ ಸೂತ್ರ ಇಷ್ಟೇ: ಒಪೆರಾಕ್ಕೆ ಕಿವಿಯ ಸೀಟು, ಬ್ಯಾಲೆಗೆ ಕಣ್ಣಿನ ಸೀಟು. ಮೈಕ್ ಇಲ್ಲದ ದನಿ ಮೇಲಕ್ಕೇರುತ್ತದೆ, ಗ್ಯಾಲರಿಯ ನಡುಭಾಗಕ್ಕೆ ಗಾಯಕರೂ ಆರ್ಕೆಸ್ಟ್ರಾವೂ ಹದವಾಗಿ ಬೆರೆತು ತಲುಪುತ್ತಾರೆ. ಹಾಗಾಗಿ ಒಪೆರಾಕ್ಕೆ ಗ್ಯಾಲರಿಯಲ್ಲಿ ನೋಟ ಸ್ವಲ್ಪ ತುಂಡಾದರೂ ನಡೆಯುತ್ತದೆ. ಬ್ಯಾಲೆಯಲ್ಲಿ ಅದು ನಡೆಯುವುದಿಲ್ಲ. ಲಾಳದ ಬದಿಯ ಸೀಟಿನಲ್ಲಿ ಕೂತರೆ ಒಂದು ಮೂಲೆಯಿಂದ ಎದುರು ಮೂಲೆಗೆ ಹಾರಿಬರುವ ನರ್ತಕ ಅರ್ಧ ದಾರಿಯಲ್ಲಿ ಮಾಯವಾಗುತ್ತಾನೆ. ಪ್ಲಾತೇಯಾದ ಮೊದಲ ಸಾಲುಗಳಲ್ಲಿ ಪಾದಗಳೇ ಸರಿಯಾಗಿ ಕಾಣದಿರಬಹುದು, ಸಮೂಹ ನೃತ್ಯದ ರಚನೆಯಂತೂ ಗೊತ್ತಾಗುವುದಿಲ್ಲ. ‘ಹಂಸ ಸರೋವರ’ ಬ್ಯಾಲೆಯ ಎರಡನೇ ಅಂಕದಲ್ಲಿ ಹಂಸಗಳ ಸಾಲುಗಳು ಕೂಡುವುದು, ಕವಲೊಡೆಯುವುದು ಮೇಲಿನಿಂದ ನೇರ ನೋಡಿದಾಗಲೇ ತಿಳಿಯುವುದು. ಬ್ಯಾಲೆಗೆ ಮೇಲಿನ ಅಂತಸ್ತಿನ ನಟ್ಟನಡುವಿನ ಮುಂದಿನ ಸಾಲು ಸಿಕ್ಕರೆ ಬಿಡಬೇಡಿ. ಬ್ಯಾಲೆ ದಿನಗಳ ದರ ಒಪೆರಾಕ್ಕಿಂತ ಸಾಮಾನ್ಯವಾಗಿ ಕಡಿಮೆ, ಅಲ್ಲಿ ಉಳಿದ ಹಣವನ್ನು ನೋಟಕ್ಕೇ ಹಾಕಿ. ಮೂರರಿಂದ ಐದು ಪಟ್ಟು ಹಿಗ್ಗಿಸುವ ಚಿಕ್ಕ ದುರ್ಬೀನು ಸಾಕು. ಹೆಚ್ಚು ಶಕ್ತಿಯದಾದರೆ ಕಾಣುವ ವಲಯ ಕಿರಿದಾಗಿ, ಕುಣಿಯುವವರು ಚೌಕಟ್ಟಿನಿಂದ ತಪ್ಪಿಸಿಕೊಳ್ಳುತ್ತಾರೆ.

ಮೊದಲ ಒಪೆರಾ ಯಾವುದಿರಲಿ? ಇಟಲಿಯ ಸಂಗೀತಕಾರರಾದ ವೆರ್ದಿಯ ‘ರಿಗೊಲೆತ್ತೊ’ ಅಥವಾ ಪುಚ್ಚೀನಿಯ ‘ಲಾ ಬೊಹೆಮ್’. ಎರಡೂ ವಿರಾಮ ಬಿಟ್ಟರೆ ಸುಮಾರು ಎರಡು ಗಂಟೆ, ಕಥೆ ನೇರ, ಹಾಡು ಒಂದೇ ಕೇಳಿಕೆಗೆ ಹಿಡಿಯುತ್ತದೆ. ವಾಗ್ನರ್‌ನ ನಾಲ್ಕೈದು ಗಂಟೆಯ ಒಪೆರಾಗಳನ್ನೂ ವೆರ್ದಿಯ ‘ದಾನ್ ಕಾರ್ಲೋ’ವನ್ನೂ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಅವು ದೊಡ್ಡ ಕೃತಿಗಳು, ಆದರೆ ಕಿವಿ ಪಳಗದೆ ಹೋದರೆ ಎರಡನೇ ಅಂಕಕ್ಕೆ ನಿದ್ದೆ ಬರುತ್ತದೆ, ಮತ್ತೆ ಹೋಗುವ ಮನಸ್ಸೇ ಹುಟ್ಟುವುದಿಲ್ಲ.

ತಯಾರಿ ಹೀಗಿರಲಿ. ಹದಿನೈದು ದಿನ ಮುಂಚೆ ಕಥೆಯನ್ನು ಕೊನೆಯವರೆಗೂ ಓದಿ. ಒಪೆರಾದಲ್ಲಿ ಮುಂದೇನು ಎಂಬ ಕುತೂಹಲಕ್ಕೆ ಬೆಲೆಯಿಲ್ಲ, ಗೊತ್ತಿರುವುದು ಹೇಗೆ ಹಾಡಾಗುತ್ತದೆ ಎಂಬುದೇ ಎಲ್ಲ. ಆಮೇಲೆ ನಾಲ್ಕೈದು ಹಾಡುಗಳನ್ನು ಮಾತ್ರ ಆರಿಸಿ, ಮೆಟ್ರೋದಲ್ಲಿ ಓಡಾಡುವಾಗ ಮತ್ತೆಮತ್ತೆ ಕೇಳಿ. ಪೂರ್ತಿ ಒಪೆರಾ ಒಮ್ಮೆ ಕೇಳುವುದಕ್ಕಿಂತ ಐದು ಹಾಡು ಐದು ಸಲ ಕೇಳುವುದು ಲೇಸು. ಕಾರಣ, ಈ ಸಂಗೀತಕಾರರು ನೆನಪನ್ನೇ ಆಯುಧ ಮಾಡಿಕೊಂಡವರು. ರಿಗೊಲೆತ್ತೊದ ಮೂರನೇ ಅಂಕದಲ್ಲಿ ಮಾಂತುವಾದ ಡ್ಯೂಕ್ ‘ಲಾ ದೊನ್ನಾ ಎ ಮೊಬಿಲೆ’ (ಹೆಣ್ಣು ಚಂಚಲೆ) ಎಂದು ಉಡಾಫೆಯಿಂದ ಹಾಡುತ್ತಾನೆ. ಆ ರಾತ್ರಿಯೇ ಅವನನ್ನು ಕೊಲ್ಲಿಸಲು ಹಣ ಕೊಟ್ಟ ವಿದೂಷಕ ರಿಗೊಲೆತ್ತೊ, ಹೆಣವಿರುವ ಚೀಲವನ್ನು ನದಿಗೆ ಎಸೆಯಲು ಎತ್ತುವ ಹೊತ್ತಿಗೆ ದೂರದಿಂದ ಅದೇ ಹಾಡು, ಅದೇ ದನಿ ತೇಲಿಬರುತ್ತದೆ. ಡ್ಯೂಕ್ ಬದುಕಿದ್ದಾನೆ, ಹಾಗಾದರೆ ಚೀಲದಲ್ಲಿ ಯಾರು? ಆ ರಾಗದ ಗುರುತಿದ್ದವರಿಗೆ ಅಲ್ಲಿ ಅನುವಾದವೇ ಬೇಕಿಲ್ಲ. ಲಾ ಬೊಹೆಮ್‌ನ ಮೊದಲ ಅಂಕದಲ್ಲಿ ರೊದೋಲ್ಫೋ ಕತ್ತಲಲ್ಲಿ ಮಿಮಿಯ ತಣ್ಣನೆಯ ಕೈ ಹಿಡಿದು ‘ಕೆ ಜೆಲಿದಾ ಮನೀನಾ’ ಹಾಡುತ್ತಾನೆ. ನಾಲ್ಕನೇ ಅಂಕದಲ್ಲಿ ಸಾವಿನ ಹಾಸಿಗೆಯಲ್ಲಿರುವ ಮಿಮಿ ಅದೇ ಸಾಲನ್ನು ಕ್ಷೀಣ ದನಿಯಲ್ಲಿ ನೆನೆಸಿಕೊಳ್ಳುತ್ತಾಳೆ.

ಭಾಷೆ ಬರದಿರುವುದು ನೀವಂದುಕೊಂಡಷ್ಟು ಅಡ್ಡಿಯಲ್ಲ. ಎತ್ತರದ ದನಿಯಲ್ಲಿ ಹಾಡಿದ ಹಳೆಯ ಕಾವ್ಯಭಾಷೆ ಇಟಾಲಿಯನ್ನರಿಗೂ ಪೂರ್ತಿ ತಿಳಿಯುವುದಿಲ್ಲ, ಅದಕ್ಕೇ ಇಟಾಲಿಯನ್ ಒಪೆರಾಕ್ಕೂ ಇಟಾಲಿಯನ್ ಪದಗಳನ್ನು ಬರೆದು ತೋರಿಸುತ್ತಾರೆ. ಲಾ ಸ್ಕಾಲಾದಲ್ಲಿ ಮುಂದಿನ ಕುರ್ಚಿಯ ಬೆನ್ನಿನ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಆರಿಸಿಕೊಳ್ಳಬಹುದು. ಬೇರೆ ಕಡೆ ವೇದಿಕೆಯ ಮೇಲ್ಗಡೆ ಪಟ್ಟಿಯಲ್ಲಿ ಬರುತ್ತದೆ. ಚಿಕ್ಕ ಊರುಗಳಲ್ಲಿ ಇಟಾಲಿಯನ್ ಮಾತ್ರ ಇರಬಹುದು, ಮೊದಲೇ ವಿಚಾರಿಸಿ. ಪಟ್ಟಿಯನ್ನು ಇಡೀ ಹೊತ್ತು ಓದುತ್ತಾ ಕೂರಬೇಡಿ. ಹಾಡಿನಲ್ಲಿ ಸಾಲುಗಳು ಮರುಕಳಿಸುತ್ತವೆ, ಒಮ್ಮೆ ಓದಿ ಕಣ್ಣನ್ನು ವೇದಿಕೆಗೆ ಕೊಡಿ. ಟಿಕೆಟ್ ಕೊಳ್ಳುವ ಮುಂಚೆ ಆ ನಿರ್ಮಾಣದ ಚಿತ್ರಗಳನ್ನೂ ನೋಡಿಬಿಡಿ. ಈಗಿನ ನಿರ್ದೇಶಕರು ಹಳೆಯ ಕಥೆಯನ್ನು ಇಂದಿನ ಆಫೀಸಿನಲ್ಲೋ ಆಸ್ಪತ್ರೆಯಲ್ಲೋ ನಡೆಸುವುದುಂಟು. ಅದರಲ್ಲಿ ತಪ್ಪಿಲ್ಲ, ಆದರೆ ಮೊದಲ ಸಲಕ್ಕೆ ಕಥೆ ಹೇಳಿದ ಕಾಲದಲ್ಲೇ ನಡೆಯುವ ನಿರ್ಮಾಣ ಒಳ್ಳೆಯದು. ನಿರ್ದೇಶಕ ಫ್ರಾಂಕೋ ಝೆಫಿರೆಲ್ಲಿ 1963ರಲ್ಲಿ ಲಾ ಸ್ಕಾಲಾಕ್ಕೆ ಕಟ್ಟಿಕೊಟ್ಟ ಲಾ ಬೊಹೆಮ್ ಇವತ್ತಿಗೂ ಆಗಾಗ ಮರಳುತ್ತದೆ. ಅದು ಪಟ್ಟಿಯಲ್ಲಿ ಕಂಡರೆ ಅದನ್ನೇ ಹಿಡಿಯಿರಿ.

ಬ್ಯಾಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ದೊಡ್ಡ ಒಪೆರಾ ಮಂದಿರಗಳ ಪೈಕಿ ಸ್ವಂತ ಕಾಯಂ ಬ್ಯಾಲೆ ತಂಡ ಉಳಿದಿರುವುದು ಮಿಲಾನ್, ರೋಮ್, ನೇಪಲ್ಸ್, ಪಲೆರ್ಮೋ ಈ ನಾಲ್ಕರಲ್ಲಿ ಮಾತ್ರ. ಫ್ಲಾರೆನ್ಸ್, ವೆರೋನಾ ತಂಡಗಳನ್ನು ಮುಚ್ಚಿದ್ದು ಈ ನಾಡಿನ ಕಲೆಗೆ ಆದ ದೊಡ್ಡ ನಷ್ಟ. ನಿಮ್ಮ ಪುಣ್ಯ, ನೀವಿರುವುದು ಮಿಲಾನ್‌ನಲ್ಲಿ. ಲಾ ಸ್ಕಾಲಾದ ನೃತ್ಯಶಾಲೆ 1813ರಷ್ಟು ಹಳೆಯದು. ಹಂಸ ಸರೋವರದ ಕಪ್ಪುಹಂಸ ಒಂದೇ ಕಾಲ ಮೇಲೆ ಸತತ ಸುತ್ತುವ ಪ್ರಸಿದ್ಧ 32 ‘ಫುಎತ್ತೆ’ಗಳನ್ನು 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾಡಿ ತೋರಿಸಿದ ಪಿಯೆರೀನಾ ಲೆಞಾನಿ ಇಲ್ಲಿ ಕಲಿತವಳೇ. ಚಳಿಗಾಲದಲ್ಲಿ ಪ್ರವಾಸಿ ತಂಡಗಳು ಊರೂರಿಗೆ ‘ಹಂಸ ಸರೋವರ’, ‘ನಟ್‌ಕ್ರ್ಯಾಕರ್’ ತರುತ್ತವೆ. ಅಲ್ಲಿ ‘ಓರ್ಕೆಸ್ತ್ರಾ ದಾಲ್ ವೀವೋ’, ಅಂದರೆ ಅಲ್ಲೇ ಕೂತು ನುಡಿಸುವ ವಾದ್ಯವೃಂದ, ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬಹುಶಃ ಧ್ವನಿಮುದ್ರಿಕೆಗೆ ಕುಣಿಯುತ್ತಾರೆ. ವಾದ್ಯವೃಂದದ ಮುಂದಾಳು ನರ್ತಕಿಯ ಉಸಿರು ನೋಡಿ ಲಯ ಒಂದಿಷ್ಟು ಸಡಿಲಿಸುವುದು, ಬಿಗಿಯುವುದು ಎಲ್ಲ ಆಗ ತಪ್ಪಿಹೋಗುತ್ತದೆ.

ಮೊದಲ ಬ್ಯಾಲೆಯಾಗಿ ‘ಜಿಸೆಲ್’ ನನ್ನ ಆಯ್ಕೆ: ಎರಡೇ ಅಂಕ, ಒಂದೇ ವಿರಾಮ. ಮೊದಲ ಅಂಕದಲ್ಲಿ ಅಭಿನಯ ಹೆಚ್ಚು. ಭರತನಾಟ್ಯದ ಹಸ್ತಗಳಂತೆ ಇಲ್ಲಿಯೂ ಕೈಗಳಿಗೆ ನಿಗದಿಯಾದ ಅರ್ಥವಿದೆ. ಎರಡೂ ಕೈ ತಲೆಯ ಮೇಲೆ ಒಂದನ್ನೊಂದು ಸುತ್ತಿದರೆ ಕುಣಿತ, ಉಂಗುರಬೆರಳು ಮುಟ್ಟಿದರೆ ಮದುವೆ, ಎರಡು ಬೆರಳು ಮೇಲೆತ್ತಿದರೆ ಆಣೆ, ಮುಷ್ಟಿ ಕಟ್ಟಿದ ಕೈಗಳನ್ನು ಮಣಿಕಟ್ಟಿನಲ್ಲಿ ಅಡ್ಡ ಹಾಕಿ ಕೆಳಕ್ಕೆ ಇಳಿಸಿದರೆ ಸಾವು. ಈ ನಾಲ್ಕು ತಿಳಿದಿದ್ದರೆ ಕಥೆ ಕೈಗೆ ಸಿಗುತ್ತದೆ. ದೊಡ್ಡ ಜೋಡಿನೃತ್ಯಕ್ಕೆ ಕ್ರಮವಿದೆ: ಇಬ್ಬರೂ ಕೂಡಿ ನಿಧಾನದ ಭಾಗ, ಆಮೇಲೆ ಅವನೊಬ್ಬನ ನೃತ್ಯ, ಅವಳೊಬ್ಬಳ ನೃತ್ಯ, ಕೊನೆಗೆ ಇಬ್ಬರದೂ ವೇಗದ ಮುಕ್ತಾಯ. ಪ್ರತಿ ಭಾಗದ ಕೊನೆಗೂ ಚಪ್ಪಾಳೆ ಹೊಡೆಯಬಹುದು.

ಒಪೆರಾದಲ್ಲಿ ಹಾಡಿನ ಕೊನೆಯ ಸ್ವರದ ಮೇಲೆ ಚಪ್ಪಾಳೆ ಬೀಳುತ್ತದೆ. ಆದರೆ ಪುಚ್ಚೀನಿಯಲ್ಲಿ ಆರ್ಕೆಸ್ಟ್ರಾ ನಿಲ್ಲದೆ ಮುಂದೆ ಸಾಗುವ ಜಾಗಗಳಿವೆ, ವಾಗ್ನರ್‌ನಲ್ಲಿ ಅಂಕ ಮುಗಿಯುವವರೆಗೆ ಯಾರೂ ಹೊಡೆಯುವುದಿಲ್ಲ. ಅನುಮಾನವಿದ್ದರೆ ಗ್ಯಾಲರಿಯವರನ್ನು ಹಿಂಬಾಲಿಸಿ. ಲಾ ಸ್ಕಾಲಾದ, ಪಾರ್ಮಾ ಊರಿನ ಮಂದಿರದ ಮೇಲಿನ ಗ್ಯಾಲರಿ ‘ಲೊಜ್ಜೋನೆ’ಯಲ್ಲಿ ಕೂರುವ ಹಳೆಯ ರಸಿಕರು ಪ್ರತಿ ಸ್ವರ ಬಲ್ಲವರು, ಮೆಚ್ಚದಿದ್ದರೆ ಕೂಗಿ ಹೇಳುವವರು. 2006ರ ಡಿಸೆಂಬರ್‌ನಲ್ಲಿ ಅವರ ಕೂಗಿಗೆ ಬೇಸತ್ತು ಗಾಯಕ ರೊಬೆರ್ತೋ ಅಲಾಞಾ ವೆರ್ದಿಯ ‘ಐದಾ’ ಒಪೆರಾದ ನಡುವೆಯೇ ವೇದಿಕೆ ಬಿಟ್ಟು ನಡೆದರು, ಬದಲಿ ಗಾಯಕ ಉಟ್ಟ ಬಟ್ಟೆಯಲ್ಲೇ ಬಂದು ಹಾಡಬೇಕಾಯಿತು. ಗಾಯಕನಿಗೆ ‘ಬ್ರಾವೋ’, ಗಾಯಕಿಗೆ ‘ಬ್ರಾವಾ’, ಎಲ್ಲರಿಗೂ ‘ಬ್ರಾವಿ’ ಎನ್ನುತ್ತಾರೆ.

ಬಟ್ಟೆ: ಸಾಮಾನ್ಯ ದಿನಗಳಲ್ಲಿ ನಿಮಗೆ ಗಾಢ ಬಣ್ಣದ ಪ್ಯಾಂಟು, ಷರ್ಟು, ಬೇಕಿದ್ದರೆ ಕೋಟು ಸಾಕು. ನಿಮ್ಮ ಹೆಂಡತಿ ರೇಷ್ಮೆ ಸೀರೆ ಉಟ್ಟರೆ ಎಲ್ಲಿಯೂ ಸಲ್ಲುತ್ತದೆ. ಗ್ಯಾಲರಿಯ ಸಾಲುಗಳು ಇಕ್ಕಟ್ಟು, ಮೆಟ್ಟಿಲು ಕಡಿದಾದ್ದರಿಂದ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಪಿನ್ನು ಹಾಕಿಕೊಳ್ಳಲಿ. ಚಡ್ಡಿ, ತೋಳಿಲ್ಲದ ಬನಿಯನ್ನಿನಂಥ ಅಂಗಿ ತೊಟ್ಟವರನ್ನು ಲಾ ಸ್ಕಾಲಾ ಒಳಗೆ ಬಿಡುವುದಿಲ್ಲ. ದಪ್ಪ ಕೋಟು, ದೊಡ್ಡ ಚೀಲಗಳನ್ನು ‘ಗ್ವಾರ್ದರೋಬಾ’, ಅಂದರೆ ಕೋಟು, ಚೀಲ ಒಪ್ಪಿಸುವ ಜಾಗದಲ್ಲಿ ಇಡಬೇಕು, ಅದಕ್ಕೆ ಅರ್ಧ ಗಂಟೆ ಮುಂಚೆ ತಲುಪಿ. ತಡವಾದರೆ ವಿರಾಮದವರೆಗೆ ಹೊರಗೇ ಉಳಿಯಬೇಕಾದೀತು. ಊಟದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಆಟ ಎಂಟಕ್ಕೆ ಶುರು, ಹೋಟೆಲಿನ ಅಡುಗೆಮನೆಗಳು ಏಳು, ಏಳೂವರೆಗೆ ಮುಂಚೆ ತೆರೆಯುವುದಿಲ್ಲ, ಆಟ ಬಿಡುವ ಹೊತ್ತಿಗೆ ಹೆಚ್ಚಿನವು ಮುಚ್ಚಿರುತ್ತವೆ. ಮನೆಯಲ್ಲಿ ಚಿತ್ರಾನ್ನವೋ ಮೊಸರನ್ನವೋ ಉಂಡು ಹೊರಡುವುದು ಎಲ್ಲಕ್ಕಿಂತ ನಿಶ್ಚಿಂತೆ.

ಇನ್ನು ನಿಮ್ಮ ತಂದೆಯವರು. ಖಯಾಲ್ ಕೇಳಿದ ಕಿವಿಗೆ ಒಪೆರಾದಲ್ಲಿ ಮೊದಲು ಎಡವುವ ಜಾಗ ಎರಡು. ಒಂದು, ರಾಗದ ವಿಸ್ತಾರಕ್ಕಾಗಿ ಕಾಯುವುದು. ಇಲ್ಲಿ ಅದು ಇಲ್ಲ, ಭಾವ ಬದಲಾಗುವುದು ಕೆಳಗೆ ಆರ್ಕೆಸ್ಟ್ರಾ ಹಿಡಿದ ಸ್ವರಗುಚ್ಛಗಳು ಬದಲಾದಾಗ. ಎರಡು, ದನಿಯ ಕಂಪನ ಕೃತಕವೆನಿಸುವುದು. ಇದು ಗಮಕವಲ್ಲ, ಮೈಕ್ ಇಲ್ಲದೆ ಹಾಡಲು ಪಳಗಿಸಿದ ದನಿಯ ಲಕ್ಷಣ. ಪಳಗಿದ ಒಪೆರಾ ದನಿಯ ಶಕ್ತಿ ಸುಮಾರು 3000 ಹರ್ಟ್ಸ್ ಆಸುಪಾಸಿನಲ್ಲಿ ದಟ್ಟವಾಗುತ್ತದೆ. ಆರ್ಕೆಸ್ಟ್ರಾದ ಬಲ ಹೆಚ್ಚಾಗಿ ಅದಕ್ಕಿಂತ ಕೆಳಗಿನ ಭಾಗದಲ್ಲಿರುವುದರಿಂದ, ಮೈಕ್ ಇಲ್ಲದೆಯೂ ಒಂದೇ ಕೊರಳು ಅಷ್ಟೊಂದು ವಾದ್ಯಗಳ ಮೇಲೆ ಕೇಳುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿ, ಜೊತೆಗೆ ರಿಗೊಲೆತ್ತೊದ ಮೂರನೇ ಅಂಕದ ನಾಲ್ವರ ಹಾಡನ್ನು ಮನೆಯಲ್ಲೇ ಕೇಳಿಸಿ. ಹೆಂಡದಂಗಡಿಯ ಒಳಗೆ ಡ್ಯೂಕ್ ಹೆಣ್ಣೊಬ್ಬಳನ್ನು ಓಲೈಸುತ್ತಾನೆ, ಅವಳು ನಗುತ್ತಾಳೆ. ಹೊರಗೆ ಅವನನ್ನು ನಂಬಿದ ಜಿಲ್ದಾ ಎದೆಯೊಡೆದು ಅಳುತ್ತಾಳೆ, ಅವಳ ತಂದೆ ರಿಗೊಲೆತ್ತೊ ಹಗೆ ತೀರಿಸುವ ಪಣ ತೊಡುತ್ತಾನೆ. ನಾಲ್ಕು ಮನಸ್ಸು, ನಾಲ್ಕು ಧಾಟಿ, ಒಂದೇ ಹೊತ್ತಿನಲ್ಲಿ. ಒಂದೊಂದು ಸಲಕ್ಕೆ ಒಂದೊಂದು ದನಿಯನ್ನೇ ಹಿಂಬಾಲಿಸಿ ಕೇಳಲಿ. ನಮ್ಮ ಸಂಗೀತದಲ್ಲಿ ಸಿಗದ ಸುಖ ಇದು, ಒಳ್ಳೆಯ ಕೇಳುಗರು ಬೇಗ ಒಲಿಯುತ್ತಾರೆ. ಅವರನ್ನು ಸೂರಿರುವ ಮಂದಿರಕ್ಕೇ ಕರೆದೊಯ್ಯಿರಿ. ಜೂನ್‌ನಲ್ಲಿ, ಜುಲೈ ಮೊದಲ ವಾರಗಳಲ್ಲಿ ಲಾ ಸ್ಕಾಲಾ ನಡೆಯುತ್ತಿರುತ್ತದೆ. ಮೇಲಿನ ಸೀಟಾದರೆ ಲಿಫ್ಟ್ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ.

ವೆರೋನಾ ಬೇರೆಯೇ ಅನುಭವ. ಒಂದನೇ ಶತಮಾನದ ರೋಮನ್ ಬಯಲು ರಂಗ ‘ಅರೇನಾ’, 1913ರಲ್ಲಿ ವೆರ್ದಿಯ ಜನ್ಮಶತಾಬ್ದಿಗೆಂದು ‘ಐದಾ’ದೊಂದಿಗೆ ಶುರುವಾದ ಉತ್ಸವ, ಕತ್ತಲಾಗುವಾಗ ಮೆಟ್ಟಿಲುಗಳ ಮೇಲೆ ಜನ ಹಚ್ಚುವ ಪುಟ್ಟ ಮೇಣದ ಬತ್ತಿಗಳು. ಕಣ್ಣಿಗೆ ಹಬ್ಬ. ಬಯಲಾದ್ದರಿಂದ ದೂರದ ಸೀಟಿಗೆ ದನಿ ತೆಳ್ಳಗಾಗುತ್ತದೆ, ಹಾಗಾಗಿ ಮೆರವಣಿಗೆ, ಗುಂಪುಹಾಡು ಹೆಚ್ಚಿರುವ ಐದಾ, ನಬೂಕ್ಕೋ, ತುರಾಂದೋತ್, ಕಾರ್ಮೆನ್ ಅಲ್ಲಿಗೆ ಒಪ್ಪುತ್ತವೆ. ಅಗ್ಗದ ‘ಗ್ರಾದಿನಾತಾ’ ಅಂದರೆ ಬರೀ ಕಲ್ಲು ಮೆಟ್ಟಿಲು. ಬೆನ್ನಿಗೆ ಆಸರೆಯಿಲ್ಲ, ಇಡೀ ದಿನ ಬಿಸಿಲು ಕುಡಿದ ಕಲ್ಲು ರಾತ್ರಿಯೂ ಸುಡುತ್ತದೆ, ಮೆಟ್ಟಿಲು ಒಂದೊಂದೂ ಎತ್ತರ. ನೀವಿಬ್ಬರೇ ಹೋಗುವಾಗ ಬಾಡಿಗೆ ದಿಂಬು ತೆಗೆದುಕೊಂಡು ಅಲ್ಲಿ ಕೂರಬಹುದು. ನಿಮ್ಮ ತಾಯಿಯವರ ಮೊಣಕಾಲಿಗೆ ಅದು ಖಂಡಿತ ಬೇಡ. ಅವರಿಗೆ ಕೆಳಗಿನ ಕುರ್ಚಿ ಸಾಲುಗಳಲ್ಲಿ ಹಿಂದಿನ, ಸ್ವಲ್ಪ ಅಗ್ಗದ ವಿಭಾಗ, ದಾರಿಯ ಅಂಚಿನ ಸೀಟು ತೆಗೆದುಕೊಳ್ಳಿ. ಟಿಕೆಟ್‌ನಲ್ಲಿ ಬರೆದ ಬಾಗಿಲಿನಿಂದಲೇ ಒಳಗೆ ಹೋಗಬೇಕು, ಬೇರೆ ಬಾಗಿಲಿಗೆ ಹೋದರೆ ಅಷ್ಟು ದೊಡ್ಡ ಕಟ್ಟಡವನ್ನು ಅವರು ಸುತ್ತಿ ಬರಬೇಕಾಗುತ್ತದೆ. ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ತೆಳ್ಳನೆಯ ಶಾಲು ಇರಲಿ.

ಮಳೆ ಬಂದರೆ ಬಹಳ ಹೊತ್ತು ಕಾಯಿಸುತ್ತಾರೆ. ಶುರುವೇ ಆಗದೆ ರದ್ದಾದರೆ ಹಣ ವಾಪಸು, ಶುರುವಾಗಿ ನಡುವೆ ನಿಂತರೆ ಇಲ್ಲ. ಆಟ ಒಂಬತ್ತರ ನಂತರ ಶುರುವಾಗಿ, ಐದಾದಂಥದ್ದು ಮಧ್ಯರಾತ್ರಿ ದಾಟುತ್ತದೆ, ಆ ಹೊತ್ತಿಗೆ ಮಿಲಾನ್‌ಗೆ ರೈಲು ಸಿಗುತ್ತದೆಂದು ನಂಬಬೇಡಿ. ಟಿಕೆಟ್ ಕೊಂಡ ದಿನವೇ ಅರೇನಾದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಲಿಫ್ಟ್ ಇರುವ ಕಡೆ ಒಂದು ರಾತ್ರಿಗೆ ಕೋಣೆ ಹಿಡಿದಿಡಿ. ಶುಕ್ರವಾರ, ಶನಿವಾರಗಳಿಗಿಂತ ವಾರದ ನಡುವಿನ ದಿನ ಕೋಣೆಯೂ ಕುರ್ಚಿಯೂ ಅಗ್ಗ.